ನೀಲಕಂಠಪ್ಪನ ನಿರಾಕಾರ

ಆ ದಿನದ ತಾಪತ್ರಯಕ್ಕೆಲ್ಲ ಮೂಲ ಒಂದೇ ಒಂದು ಮಾತು. ಅದನ್ನು ಆಡದೆ ಇದ್ದಿದ್ದರೆ ನೀಲಕಂಠಪ್ಪ ದಾದರಿನ ಚಾಳಿನಲ್ಲಿ ನೆಮ್ಮದಿಯಾಗಿ ಬಣ್ಣ ಕಲಸಿಕೊಂಡಿರುತ್ತಿದ್ದ.

ಅವನು ಧಾರವಾಡದ ಕಡೆಯವನು. ಹೊಟ್ಟೆಪಾಡಿಗೆ ಛಾಪಖಾನೆಯೊಂದರಲ್ಲಿ ಬಿಸ್ಕೀಟು ಡಬ್ಬಿ, ಉಪ್ಪಿನಕಾಯಿ ಶೀಷೆಗಳ ಲೇಬಲ್ಲು ಬರೆಯುತ್ತಿದ್ದ. ಅಲ್ಲಿ ಮಾವಿನಕಾಯಿ ಬರೆದರೆ ಅದು ನಿಜವಾದ ಮಾವಿನಕಾಯಿಗಿಂತ ಹೆಚ್ಚು ಮಾವಿನಕಾಯಿಯಾಗಿ ಕಾಣಬೇಕು. ಮನೆಗೆ ಬಂದು ತನಗಾಗಿ ಬರೆಯುತ್ತಿದ್ದದ್ದು ಮಾತ್ರ ಬೇರೆ. ಈ ಸಲದ ಚಿತ್ರದಲ್ಲಿ ಮೊದಲು ಅವನ ತೀರಿಹೋದ ಅವ್ವ ಇದ್ದಳು. ದೀಪಾವಳಿಗೆ ಸುಣ್ಣಕ್ಕೆ ನೀಲಿ ಬೆರೆಸಿ ಗೋಡೆಗೆ ಬಳಿಯುತ್ತಿದ್ದಳು. ಚೆನ್ನಾಗಿಯೇ ಬಂದಿತ್ತು, ಆದರೆ ಡಬ್ಬಿಯ ಮೇಲೆ ಅಂಟಿಸುವ ಹಾಗಿತ್ತು. ಸುಣ್ಣದ ಗಡಿಗೆಯನ್ನು ಅಳಿಸಿದ. ಸೀರೆಯ ಅಂಚನ್ನು ಅಳಿಸಿದ. ಮಳೆಗಾಲ ಮುಗಿಯುವ ಹೊತ್ತಿಗೆ ಅವ್ವನನ್ನೂ ಅಳಿಸಿದ. ಅಂದು ಅವನಿಗೆ ಊಟ ಸೇರಲಿಲ್ಲ.

ಉಳಿದದ್ದು ನೀಲಿ ಗೋಡೆ, ನಡುವೆ ಅವಳು ನಿಂತಿದ್ದ ಕಡೆ ಉದ್ದಕ್ಕೆ ಒಂದಿಷ್ಟು ಕಪ್ಪು. ನೋಡುತ್ತ ಕೂತರೆ ಅವ್ವ ಮೊದಲಿಗಿಂತ ಈಗಲೇ ಹೆಚ್ಚಾಗಿ ಅಲ್ಲಿದ್ದಾಳೆ ಅನ್ನಿಸಿತು. ಇಷ್ಟು ವರ್ಷ ಸೇರಿಸುವುದನ್ನೇ ಕಲಿತೆ, ಬಿಡುವುದನ್ನು ಕಲಿತದ್ದು ಈಗ ಎಂದುಕೊಂಡ.

ಫೋರ್ಟ್ ಪ್ರದೇಶದ ಒಂದು ಕಲಾಸಂಘ ಆ ವರ್ಷ ಆಕಾರವಿಲ್ಲದ ಚಿತ್ರಗಳಿಗೆಂದೇ ಒಂದು ಕೋಣೆ ತೆಗೆದಿಟ್ಟಿತ್ತು. ಚಿತ್ರ ಒಪ್ಪಿಸಲು ಆ ತಾಪತ್ರಯದ ದಿನವೇ ಕೊನೆಯ ದಿನ. ಬಹುಮಾನದ ಆಸೆ ಅವನಿಗಿರಲಿಲ್ಲ. ಯಾರಾದರೂ ಒಬ್ಬರು ಅದರ ಮುಂದೆ ನಿಂತು, ‘ಇದೇನು’ ಎಂದು ಕೇಳದೆ ಸುಮ್ಮನೆ ನೋಡಬೇಕು. ಅಷ್ಟೇ ಅವನಿಗೆ ಬೇಕಾಗಿತ್ತು.

ಬಣ್ಣ ಇನ್ನೂ ಹಸಿಯಾಗಿತ್ತು. ಬೆಳಿಗ್ಗೆ ಖೋಲಿಯ ಹೊರಗೆ, ಸಾಲುಬಾಗಿಲುಗಳ ಮುಂದಿನ ಗ್ಯಾಲರಿಯ ಬಿಸಿಲಿಗೆ ಒರಗಿಸಿಟ್ಟ. ಪಕ್ಕದ ಖೋಲಿಯ ಗಂಗುಬಾಯಿ ತುಂಬಿದ ಕೊಡ ಇಳಿಸಿ ಅದರ ಮುಂದೆ ನಿಂತಳು.

“ಏನಪಾ ಇದು, ನೀಲಕಂಠಪ್ಪ?”

ಬಿಡಿಸಿ ಹೇಳಲು ಹೊತ್ತಿರಲಿಲ್ಲ, ನಲ್ಲಿ ನಿಲ್ಲುವುದರಲ್ಲಿತ್ತು. ಬಕೆಟ್ಟು ಹಿಡಿದು ಓಡುತ್ತಲೇ, “ಅದಕ್ಕ ಆಕಾರ ಇಲ್ಲ ಬಾಯಿ. ನಿರಾಕಾರ” ಎಂದುಬಿಟ್ಟ.

ವಿಜಾಪುರದ ಗಂಗುಬಾಯಿಗೆ ಗೊತ್ತಿದ್ದ ನಿರಾಕಾರ ಒಬ್ಬನೇ, ಪರಶಿವ. ನೀಲಕಂಠಪ್ಪ ಸ್ನಾನ ಮುಗಿಸಿ ಬರುವಷ್ಟರಲ್ಲಿ ಆ ಮಾತು ಇಡೀ ಮಜಲೆಯನ್ನು, ಆ ಅಂತಸ್ತಿನ ಅಷ್ಟೂ ಖೋಲಿಗಳನ್ನು ಸುತ್ತಿತ್ತು. ಬಟ್ಟೆ ಅಂಗಡಿಯಲ್ಲಿ ದುಡಿಯುತ್ತ, ಚಾಳಿನವರ ಪೂಜೆ ಪುನಸ್ಕಾರ ನೋಡಿಕೊಳ್ಳುತ್ತಿದ್ದ ಚನ್ನಬಸಯ್ಯನವರು ಅದಾಗಲೇ ಬಂದು, ಆ ಕಪ್ಪಿನ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದಿದ್ದರು. ಕೆಳಗಿನ ಉಡುಪಿ ಹೋಟೆಲಿನ ಚೆನ್ನಯ ಹೂವಿನ ಸರ ಹಿಡಿದು ನಿಂತಿದ್ದ.

“ಹಸಿ ಉಂಟಲ್ಲ ಮಾರಾಯ್ರೆ, ಕುಂಕುಮ ಒಳ್ಳೆ ಹಿಡೀತದೆ” ಎಂದು ಅವನು ಸಲಹೆಯನ್ನೂ ಕೊಟ್ಟ.

ನೀಲಕಂಠಪ್ಪ ಒದ್ದೆ ತಲೆಯಲ್ಲೇ ಚಿತ್ರಕ್ಕೆ ಅಡ್ಡ ನಿಂತ. ಇದು ದೇವರಲ್ಲ, ತನ್ನ ಚಿತ್ರ ಎಂದು ಪರಿಪರಿಯಾಗಿ ಹೇಳಿದ.

“ನಿರಾಕಾರ ಅಂದಾಂವ ನೀನ. ನಿನ್ನ ಹೆಸರು ನೀಲಕಂಠ, ಬಳದದ್ದು ನೀಲಿ” ಎಂದು ಚನ್ನಬಸಯ್ಯನವರು ಶಾಂತವಾಗಿ ವಾದಿಸಿದರು. “ನಿನಗ ಗೊತ್ತಾಗಧಂಗ ನಿನ್ನ ಕೈಯಾಗ ಬಂದಾನ, ತಮ್ಮಾ.”

ಒರೆಸೋಣವೆಂದರೆ ವಿಭೂತಿಯ ಜೊತೆ ಹಸಿ ಬಣ್ಣವೇ ಕಿತ್ತು ಬರುವಂತಿತ್ತು. ಹಾಗೆಯೇ ಎತ್ತಿಕೊಂಡು ಹೊರಟರೆ ದೇವರನ್ನು ಚಾಳಿನಿಂದ ಕಳಿಸಲು ಯಾರೂ ಒಪ್ಪಲಿಲ್ಲ. ಕೊನೆಗೆ, ಫೋರ್ಟಿನವರಿಗೆ ದರ್ಶನ ಮಾಡಿಸಿ ಬರುತ್ತೇನೆಂದು ಸುಳ್ಳು ಹೇಳಿ ಪಾರಾದ.

ಲೋಕಲ್‌ ರೈಲಿನಲ್ಲಿ ಯಾರೋ ಎದ್ದು ಜಾಗ ಬಿಟ್ಟರು, ಚಿತ್ರಕ್ಕೆ. ಅದು ಕೂತು ಪ್ರಯಾಣ ಮಾಡಿತು, ಅದನ್ನು ಬರೆದವನು ವಿ.ಟಿ. ನಿಲ್ದಾಣದವರೆಗೂ ನಿಂತೇ ಹೋದ.

ಕಲಾಸಂಘದಲ್ಲಿ ಆರಿಸುವವನು ಕನ್ನಡಕದ ಹಿರಿಯ. ಚಿತ್ರದ ಮುಂದೆ ನಿಂತ, ಮಾತಿಲ್ಲದೆ ಬಹಳ ಹೊತ್ತು ನೋಡಿದ. ಇವನೇ ಆ ಒಬ್ಬ ಎಂದುಕೊಂಡ ನೀಲಕಂಠಪ್ಪ. ಆಮೇಲೆ ಹಿರಿಯ, ನೀಲಿ ಬಹಳ ಚೆನ್ನಾಗಿದೆ, ಆದರೆ ಈ ಕೋಣೆ ಆಕಾರವಿಲ್ಲದ್ದಕ್ಕೆ, ಇದು ಶಿವಲಿಂಗವೆಂದು ಮಗುವಿಗೂ ತಿಳಿಯುತ್ತದೆ, ಕ್ಯಾಲೆಂಡರಿನವರನ್ನು ಕಾಣಿ ಎಂದ. ಆ ಮೂರು ಗೆರೆ ತನ್ನವಲ್ಲ, ನೆರೆಯವರವು ಎಂದರೆ ಕೇಳುವವರು ಯಾರು?

ಹಿಂದಿರುಗುವಾಗ ಸಿಟ್ಟು ಮಾಡಿಕೊಳ್ಳಬೇಕೆಂದಿದ್ದ, ಆಗಲಿಲ್ಲ. ಅವ್ವನನ್ನು ತೆಗೆದ ಜಾಗ ಖಾಲಿ ಇತ್ತು. ಖಾಲಿ ಜಾಗ ಕಂಡವರು ತಮಗೆ ಬೇಕಾದವರನ್ನು ಅಲ್ಲಿ ಕೂರಿಸಿದರು. ತನಗೆ ಅವ್ವ, ಅವರಿಗೆ ಶಿವ. ಅದರಲ್ಲಿ ತಪ್ಪೇನು? ನಾಳೆಯಿಂದ ಇನ್ನೊಂದು ಶುರುಮಾಡೋಣ, ಇನ್ನಷ್ಟು ಬಿಡೋಣ ಎಂದು ಯೋಚಿಸುವಾಗ ಮನಸ್ಸು ಹಗುರಾಯಿತು.

ಚಾಳಿನಲ್ಲಿ ಅಷ್ಟರಲ್ಲಿ ಅವನ ಬಾಗಿಲ ಪಕ್ಕದಲ್ಲೇ ಹಲಗೆ ಹೊಡೆದು, ಮಾವಿನ ತೋರಣ ಕಟ್ಟಿದ್ದರು. ಚಿತ್ರವನ್ನು ಅವನ ಕೈಯಿಂದ ಮೆತ್ತಗೆ ತೆಗೆದುಕೊಂಡು ಅಲ್ಲಿಟ್ಟರು. ಗಂಗುಬಾಯಿ ಅಕ್ಕರೆಯಿಂದ ಹತ್ತಿರ ಬಂದಳು.

“ಇನ್ನ ನಿನ್ನ ಆ ನಾರೋ ಎಣ್ಣಿ, ಬಣ್ಣ ಇಲ್ಲಿ ಬ್ಯಾಡಪಾ. ದೇವರ ಬಾಜೂಕ ಮೈಲಿಗಿ ಆಗ್ತದ. ಎಲ್ಲಾರೂ ಕೂಡಿ ಠರಾಯಿಸೇವಿ.”

ಬಿಡುವುದನ್ನು ಕಲಿತವನಿಗೆ ಬಿಡಲು ಇನ್ನು ಉಳಿದಿದ್ದದ್ದು ಕುಂಚವೊಂದೇ.

ಆರತಿಯಾಯಿತು. ಇಡೀ ಮಜಲೆಯವರು ಚಿತ್ರದ ಮುಂದೆ ಮೌನವಾಗಿ ನಿಂತರು. ‘ಇದೇನು’ ಎಂದು ಒಬ್ಬರೂ ಕೇಳಲಿಲ್ಲ. ನೀಲಕಂಠಪ್ಪ ಚಿತ್ರದ ಪಕ್ಕಕ್ಕೆ ಸರಿದು ನಿಂತ. ತಾನು ಬೇಡಿದ್ದು ಒಬ್ಬರನ್ನು, ಇಲ್ಲಿ ಇಷ್ಟು ಜನ. ಅವರು ನೋಡುವ ಬಗೆಯನ್ನು ತಾನು ನೋಡೋಣವೆಂದು ಮೆಲ್ಲಗೆ ಅವರ ಮುಖಗಳ ಕಡೆ ತಿರುಗಿದ.

ಎಲ್ಲರೂ ಕಣ್ಣು ಮುಚ್ಚಿಕೊಂಡಿದ್ದರು.