ಅರಳಿಕಟ್ಟೆ ಏರಿದ ರೇಡಿಯೋ

ಸಿಂಚನಾ, ಚಿನ್ಮಯ, ಕೇಳಿ. ನಿಮ್ಮ ದೊಡ್ಡಜ್ಜಿ, ಅಂದರೆ ನಾನು ಅಕ್ಕ ಎನ್ನುತ್ತಿದ್ದ ನನ್ನ ಓರಗಿತ್ತಿ, ಕೆಟ್ಟುಹೋದ ರೇಡಿಯೋಗೆ ಅರಿಸಿನ ಕುಂಕುಮ ಇಟ್ಟ ಹೆಂಗಸು! ನಗಬೇಡಿ. ಅವರ ಹಿಂದೆ ಓಡಾಡಿ ಸುಸ್ತಾದವಳು ನಾನು. ನಾಲ್ಕು ಜನರ ಮುಂದೆ ನನಗೆ ಮಾತು ಹೊರಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ತಾತ ಹೋದ ಮೇಲೆ ಅವರ ರೇಡಿಯೋ ಕೂಡ ಹೆಚ್ಚು ದಿನ ಬದುಕಲಿಲ್ಲ. ಹೊಸ ಸೆಲ್ಲು ಹಾಕಿದರೂ ಗೊರ್ ಎನ್ನಲಿಲ್ಲ. ಎಲ್ಲಿಟ್ಟರೂ ಕಣ್ಣಿಗೆ ಬೀಳುತ್ತಿತ್ತು. ಗುಜರಿಯವನು ಬೀದಿಗೆ ಬಂದ ದಿನ ಕೊಟ್ಟೇಬಿಡೋಣವೆಂದು ಎತ್ತಿಕೊಂಡು ಬಾಗಿಲಿಗೆ ಬಂದೆ. ಎದುರುಮನೆಯಿಂದ ಅಕ್ಕ ಓಡಿಬಂದು ಕಿತ್ತುಕೊಂಡರು.

"ಏನೇ, ದಿನಾ ಬೆಳಿಗ್ಗೆ ಸುಪ್ರಭಾತ ಹಾಡಿದ್ದನ್ನ ಗುಜರಿಗೆ ಹಾಕ್ತೀಯಾ? ದೇವ್ರ ಪಟ ಒಡೆದ್ರೆ ತಿಪ್ಪೆಗೆ ಎಸೀತೀವೇನೇ?"

ನಿಮ್ಮ ತಾತ ಏಳುತ್ತಿದ್ದದ್ದೇ ಬಿಸಿಲೇರಿದ ಮೇಲೆ. ಆ ರೇಡಿಯೋದಲ್ಲಿ ಕ್ರಿಕೆಟ್ ಬಿಟ್ಟು ಬೇರೇನನ್ನೂ ನಾನು ಕೇಳಿದವಳಲ್ಲ! ಆದರೆ ಅಕ್ಕನಿಗೆ ಎದುರಾಡುವವರು ಯಾರು? ಒಡೆದ ದೇವರ ಪಟಗಳನ್ನು ನಮ್ಮಲ್ಲಿ ಅರಳಿಕಟ್ಟೆಯ ಮೇಲಿಟ್ಟು ಬರುತ್ತಾರಲ್ಲ, ಹಾಗೆ ರೇಡಿಯೋವನ್ನೂ ಕಟ್ಟೆ ಏರಿಸಿದರು. ಮೋಡ ಕಂಡರೆ ಪ್ಲಾಸ್ಟಿಕ್ ಹಾಳೆ ಹಿಡಿದು ಓಡುತ್ತಿದ್ದರು.

ಅಷ್ಟೇ ಸಾಕಾಯಿತು ಬೀದಿಗೆ! ಪುರಾಣದ ಧಾರಾವಾಹಿ ತೋರಿಸಿದ್ದೆಂದು ಒಬ್ಬರು ಟಿವಿ ತಂದಿಟ್ಟರು. ಹಬ್ಬಕ್ಕೆ ಹೂರಣ ರುಬ್ಬಿದ್ದೆಂದು ಇನ್ನೊಬ್ಬರು ಮಿಕ್ಸಿ ತಂದರು. ಇಸ್ತ್ರಿಪೆಟ್ಟಿಗೆ ಯಾವ ಪುಣ್ಯ ಮಾಡಿತ್ತೋ, ಅದೂ ಬಂತು! ಪ್ರದಕ್ಷಿಣೆ ಹಾಕುವವರು ನಾಗರಕಲ್ಲಿಗೊಂದು, ಟಿವಿಗೊಂದು ನಮಸ್ಕಾರ ಹಾಕುವಂತಾಯಿತು. ದೇವಸ್ಥಾನ ನೋಡಲು ಬಂದವರು ಇಲ್ಲಿಯೂ ನಿಂತು ಫೋಟೋ ಹಿಡಿದರು.

"ತೆಗೆಸಿಬಿಡಿ ಅಕ್ಕ, ನಾಚಿಕೆಯಾಗ್ತದೆ" ಎಂದೆ.

"ಮೂಗು ಮುರಿದ ವಿಗ್ರಹ ನೋಡೋಕೆ ದೇಶವೇ ನಮ್ಮ ಹಳೇಬೀಡಿಗೆ ಬತ್ತದೆ. ಮುರಿದಿದ್ದನ್ನ ಎಸೆಯೋ ಊರೇನೇ ಇದು?"

ಏನು ಹೇಳುತ್ತೀರಿ ಇದಕ್ಕೆ?

ಒಂದು ಮಧ್ಯಾಹ್ನ ಯಾರೋ ತಾಮ್ರದಾಸೆಗೆ ಕಟ್ಟೆಯ ಮೇಲೆಯೇ ವೈರುಗಳಿಗೆ ಬೆಂಕಿ ಹಚ್ಚಿದರು. ಕರಿಹೊಗೆ ಗಂಟಲು ಹಿಡಿಯಿತು. ಅಕ್ಕ ಸೆರಗನ್ನು ಮೂಗಿಗೊತ್ತಿಕೊಂಡು ನುಗ್ಗಿ, ಟಿವಿ ಮಿಕ್ಸಿಗಳನ್ನೆಲ್ಲ ಬಿಟ್ಟು ರೇಡಿಯೋ ಒಂದನ್ನೇ ಎದೆಗವಚಿಕೊಂಡು ಬಂದರು. ಮರದ ಒಂದು ಮಗ್ಗುಲು ಕರಕಲಾಗಿತ್ತು.

"ಮರಕ್ಕೇ ವಿಷ ಇಕ್ಕಿದ್ನಲ್ಲೇ" ಎಂದು ಆ ದಿನ ಅನ್ನ ಮುಟ್ಟಲಿಲ್ಲ.

ಅರಸೀಕೆರೆಯ ಅಂಗಡಿಯವರೊಬ್ಬರು ಇಂಥ ಸಾಮಾನನ್ನು ಬೆಂಗಳೂರಿಗೆ ಕಳಿಸುತ್ತಾರೆ, ಅಲ್ಲಿ ಸುಡದೆ ಬಿಚ್ಚಿ, ವಿಷದ್ದನ್ನು ಬೇರೆ ಮಾಡಿ, ಉಳಿದದ್ದನ್ನು ಮತ್ತೆ ಬಳಸುತ್ತಾರೆ ಎಂದು ಪಕ್ಕದ ಮನೆಯ ಮೇಷ್ಟ್ರು ಹೇಳಿದರು. ಅಕ್ಕ ಸೊಂಟ ಕಟ್ಟಿದರು. ಕಟ್ಟೆಯ ಮೇಲಿದ್ದದ್ದೆಲ್ಲ ತೆಂಗಿನಕಾಯಿ ಲಾರಿ ಏರಿತು. ರೇಡಿಯೋ ಮಾತ್ರ ಅಕ್ಕನ ಮಡಿಲಲ್ಲಿ ಬಸ್ಸು ಏರಿತು. ಜೊತೆಗೆ ಯಾರು? ಇನ್ಯಾರು, ನಾನೇ!

"ಅಜ್ಜಿ, ಅದಕ್ಕೆ ಲಗೇಜು ಟಿಕೆಟ್ ತಗೊಳ್ರೀ" ಎಂದ ಕಂಡಕ್ಟರ್.

"ಮಡಿಲಲ್ಲಿರೋ ಮಗೀಗೂ ಟಿಕೇಟೇನಪ್ಪ?"

"ಮಗ ಅಳ್ತಾನೇ ಇಲ್ವಲ್ಲಜ್ಜಿ?"

"ಅತ್ತಿದ್ರೆ ಅರಸೀಕೆರೆಗೆ ಯಾಕೋ ತತ್ತಿದ್ದೆ?"

ಬಸ್ಸೆಲ್ಲ ನಕ್ಕಿತು. ನಾನು ಕಿಟಕಿಯ ಕಡೆ ಮುಖ ಮಾಡಿದೆ.

ಅಂಗಡಿಯಲ್ಲಿ ಟಿವಿ, ಮಿಕ್ಸಿಗಳು ಚೀಲ ಸೇರಿದವು. ಅಂಗಡಿಯವರು ರೇಡಿಯೋಗೆ ಕೈಚಾಚಿದರು. ಅಕ್ಕ ಕೊಡಲಿಲ್ಲ. ಬಂದದ್ದೇ ಇದಕ್ಕಲ್ಲವೇ ಎಂದು ನನಗೆ ಸಿಟ್ಟು. ಅಕ್ಕ ನನ್ನ ಕಡೆ ತಿರುಗಿ, ಅಪರೂಪಕ್ಕೆ ಮೆಲ್ಲಗೆ ಮಾತಾಡಿದರು.

"ಅವತ್ತು ಬಾಗಿಲಲ್ಲಿ ನಿಂತು ಇದನ್ನ ಸೆರಗಲ್ಲಿ ಒರೆಸ್ತಾನೇ ಇದ್ದೆ ಕಣೇ. ನೀನೋ ಬಾಯಿಬಿಟ್ಟು ಹೇಳೋಳಲ್ಲ. ಅದಕ್ಕೇ ಸುಪ್ರಭಾತ ಗಿಪ್ರಭಾತ ಅಂತ ಏನೋ ಒಂದು ಅಂದೆ. ಈಗ ಕೊಡ್ಲಾ?"

ನಾನು ಹೂಂ ಎಂದು ತಲೆಯಾಡಿಸಿದೆ. ಅಕ್ಕ ಸ್ಟೇಷನ್ ತಿರುಗಿಸುವ ಗುಂಡಿಯನ್ನು ಕಿತ್ತು ನನ್ನ ಅಂಗೈಯಲ್ಲಿಟ್ಟು, ರೇಡಿಯೋವನ್ನು ಅಂಗಡಿಯವರ ಕೈಗೆ ಕೊಟ್ಟರು. ನಿಮ್ಮ ತಾತನ ಬೆರಳು ಸವೆಸಿ ನುಣುಪಾಗಿಸಿದ್ದ ಗುಂಡಿ ಅದು.

ಅಕ್ಕ ಈಗಿಲ್ಲ. ಅರಳಿಮರದ ಸುಟ್ಟ ಮಗ್ಗುಲು ಚಿಗುರಿದೆ. ಗುಂಡಿ ಈ ಹಾಳೆಗಳು ಹಾರದಂತೆ ಅವುಗಳ ಮೇಲೆ ಕೂತಿದೆ. ಮಕ್ಕಳೇ, ಕೆಟ್ಟ ಸಾಮಾನನ್ನು ಸೇರಬೇಕಾದ ಕಡೆಗೆ ಸೇರಿಸಿ. ಈ ಹಾಳೆಗಳನ್ನು ಮಾತ್ರ ಯಾರಿಗೂ ಕೊಡದೆ, ಗುಂಡಿಯ ಸಮೇತ ನಿಮ್ಮ ಹತ್ತಿರವೇ ಜೋಪಾನವಾಗಿಟ್ಟುಕೊಳ್ಳಿ.