ರಾಹುಕಾಲದೊಳಗಿನ ಎಪ್ಪತ್ತು ನಿಮಿಷ

ಶುಕ್ರವಾರ ಬೆಳಿಗ್ಗೆ ಏಳು ಗಂಟೆ. ಮೈಸೂರಿನಿಂದ ಹುಬ್ಬಳ್ಳಿಗೆ ನೇರ ಗೆರೆಯಲ್ಲಿ ಸುಮಾರು ಮುನ್ನೂರ ಎಂಬತ್ತೈದು ಕಿಲೋಮೀಟರ್; ವಿಮಾನಕ್ಕೆ ಎಪ್ಪತ್ತು ನಿಮಿಷ. ದಟ್ಟಗಳ್ಳಿ ಬಡಾವಣೆಯ ಅಶ್ವತ್ಥನಿಗೆ ತಂಗಿ ತೆಗೆಸಿಕೊಟ್ಟ ಟಿಕೆಟ್ಟಿನಲ್ಲಿ ಹೊರಡುವುದು 10.40, ಇಳಿಯುವುದು 11.50 ಎಂದಿತ್ತು.

ಅದನ್ನು ಎದುರುಮನೆಯ ಅಂಬುಜಮ್ಮನಿಗೆ ತೋರಿಸಿದ್ದೇ ತಪ್ಪಾಯಿತು.

"ಅಯ್ಯೋ, ಇವತ್ತು ರಾಹುಕಾಲ ಹತ್ತೂವರೆಯಿಂದ ಹನ್ನೆರಡು ಕಣೋ! ಬಸ್ಸಾದ್ರೆ ಒಂಬತ್ತು ಗಂಟೆ ಪಯಣ, ರಾಹು ಮಧ್ಯದಲ್ಲಿ ಹತ್ತಿ ಮಧ್ಯದಲ್ಲೇ ಇಳ್ಕೋತಾನೆ. ಇದ್ರಲ್ಲಿ ನೀನು ಏರೋದೂ ಅವನ ಹೊಟ್ಟೇಲಿ, ಇಳಿಯೋದೂ ಅವನ ಹೊಟ್ಟೇಲಿ."

ವಿಮಾನವನ್ನು ಅಶ್ವತ್ಥ ಅದುವರೆಗೆ ತಲೆ ಎತ್ತಿ ನೋಡಿದ್ದನಷ್ಟೇ. ಮೂರು ದಿನದಿಂದ ನಿದ್ದೆಯಿಲ್ಲ. ಈಗ ಅವನ ಕೈ ಹಿಂಡಿಟ್ಟ ಬಟ್ಟೆಯಂತೆ ತಣ್ಣಗಾಯಿತು. ಆದರೆ ಹೋಗದೆ ವಿಧಿಯಿಲ್ಲ. ಹುಬ್ಬಳ್ಳಿಯಲ್ಲಿ ತಂಗಿ ನಿಶ್ಚಿತಾಳ ಮಗುವಿಗೆ ಮಧ್ಯಾಹ್ನ ಎರಡೂವರೆಗೆ ಕಿವಿ ಚುಚ್ಚುವ ಶಾಸ್ತ್ರ. ಮಗು ಕೂರಬೇಕಾದದ್ದು ಸೋದರಮಾವನ ತೊಡೆಯ ಮೇಲೆ, ಸೋದರಮಾವ ಇವನೊಬ್ಬನೇ.

"ಪ್ರಸ್ಥಾನ ಇಟ್ಬುಡು," ಎಂದರು ಅಂಬುಜಮ್ಮ. "ಈಗ್ಲೇ ನಿನ್ನ ಬ್ಯಾಗು ನಮ್ಮನೇಲಿಟ್ರೆ, ರಾಹುಕಾಲಕ್ಕೆ ಮುಂಚೇನೇ ಹೊರಟಂಗೆ. ಬರೀ ಬಟ್ಟೆ ಸಾಲ್ದು, ನಿನ್ನ ಗುರುತಿರೋದು ಏನಾದ್ರೂ ಹಾಕು."

ಗುರುತೆಂದು ಅಶ್ವತ್ಥ ಆಧಾರ್ ಕಾರ್ಡನ್ನೇ ಹಾಕಿದ. ಬ್ಯಾಗು ಅರಿಶಿನ ಕುಂಕುಮ ಹಚ್ಚಿಸಿಕೊಂಡು ಅವರ ನಡುಮನೆಯಲ್ಲಿ ಮದುವಣಗಿತ್ತಿಯಂತೆ ಕುಳಿತಿತು.

ಒಂಬತ್ತಕ್ಕೆ ತರಲು ಹೋದರೆ ಬಾಗಿಲಿಗೆ ಬೀಗ.

"ನಿಮ್ಮನ್ನ ಕಳಿಸ್ಕೊಡಕ್ಕೆ ಬೀದಿ ಹೆಂಗಸ್ರೆಲ್ಲ ಟೆಂಪೋ ಮಾಡ್ಕೊಂಡು ಏರ್‌ಪೋರ್ಟ್‌ಗೆ ಹೋದ್ರು ಕಣಣ್ಣ," ಎಂದ ಆಟೊ ಓಡಿಸುವ ಸಾಗರ್. "ಬ್ಯಾಗೂ ತಗಂಡೇ ಹೋಗಿರ್ತಾರೆ, ಹತ್ತಿ."

ಅಂಬುಜಮ್ಮ ಫೋನ್ ಎತ್ತಲಿಲ್ಲ.

"ಅಣ್ಣ, ಅಷ್ಟು ನಡುಗ್ಬೇಡಿ. ಆಟೊ ಎಡಕ್ಕೆ ಎಳೀತಾ ಐತೆ."

9.40. ಮಂಡಕಳ್ಳಿ ವಿಮಾನ ನಿಲ್ದಾಣದ ಬಾಗಿಲಲ್ಲಿ ಅಂಬುಜಮ್ಮ ಹಾರ ಹಿಡಿದು ನಿಂತಿದ್ದರು.

"ಬ್ಯಾಗೆಲ್ಲಮ್ಮ?"

"ನಮ್ಮನೇಲಿ, ಭದ್ರವಾಗಿದೆ. ಪ್ರಸ್ಥಾನ ಇಟ್ಟೋರೇ ಎತ್ಬೇಕು ಕಣೋ, ಬೇರೆಯೋರು ಮುಟ್ಟಿದ್ರೆ ಪಯಣ ಕೆಡತ್ತೆ. ನೀನು ಕೇಳ್ತೀಯ ಅಂತ ಬೀಗದಕೈ ತಂದಿದೀನಿ. ತಗೋ."

ಕಾವಲಿನವನು ಗುರುತಿನ ಚೀಟಿ ಕೇಳಿದ. ಅಶ್ವತ್ಥ ಬೀಗದಕೈ ತೋರಿಸಿದ. ಒಳಗೆ ಬಿಡಲಿಲ್ಲ.

ದಟ್ಟಗಳ್ಳಿಗೆ ಹನ್ನೆರಡು ಕಿಲೋಮೀಟರ್. ಆಟೊದಲ್ಲಿ ಹೋಗಿಬರಲು ಹಿಡಿದದ್ದು ಸರಿಯಾಗಿ ಎಪ್ಪತ್ತು ನಿಮಿಷ. ಮರಳುವ ದಾರಿಯಲ್ಲಿ, ಅವನ ಖಾಲಿ ಸೀಟನ್ನು ಹೊತ್ತ ವಿಮಾನ ತಲೆಯ ಮೇಲೆಯೇ ಹಾದುಹೋಯಿತು. ಅಶ್ವತ್ಥ ಬ್ಯಾಗನ್ನು ತಬ್ಬಿಕೊಂಡು ನೋಡಿದ. ಮೂರು ದಿನದಲ್ಲಿ ಮೊದಲ ಸಲ ಅವನ ಕೈ ಬೆಚ್ಚಗಾಯಿತು.

ನಿಲ್ದಾಣದ ಬಾಗಿಲಲ್ಲೇ ಕಾದಿದ್ದ ಅಂಬುಜಮ್ಮನಿಗೆ ಬೀಗದಕೈ ಹಿಂತಿರುಗಿಸುವಾಗ ತಂಗಿಗೆ ಫೋನ್ ಮಾಡಿ ಎಲ್ಲ ಹೇಳಿದ. ಬೈಗುಳಕ್ಕೆ ಕಾದ; ಅವಳು ದೊಡ್ಡವರನ್ನು ಕೇಳಿ ಹೇಳುತ್ತೇನೆಂದು ಫೋನ್ ಇಟ್ಟಳು. ಸ್ವಲ್ಪ ಹೊತ್ತಿಗೆ ಅವಳೇ ಮತ್ತೆ ಫೋನ್ ಮಾಡಿದಳು.

"ಮಾವ ಇಲ್ದೆ ಕಿವಿ ಚುಚ್ಚೋದು ಬೇಡ ಅಂದ್ರು ದೊಡ್ಡೋರು. ಸೋಮವಾರ ಬೆಳಿಗ್ಗೆಗೆ ಇಟ್ಕೊಂಡಿದೀವಿ."

"ಹಂಗಾದ್ರೆ ಬಸ್ಸಲ್ಲೇ ಆರಾಮಾಗಿ ಬತ್ತೀನಿ ಕಣಮ್ಮ!"

"ಬಸ್ಸು ಗಿಸ್ಸು ಬೇಡಣ್ಣ. ಇನ್ನೊಂದು ಟಿಕೆಟ್ ತೆಗ್ದಾಯ್ತು. ಭಾನುವಾರ ಸಂಜೆ 4.40ಕ್ಕೆ ವಿಮಾನ."

ಅಂಬುಜಮ್ಮ ಚೀಲದಿಂದ ಪಂಚಾಂಗ ತೆಗೆದು, ಹಾಳೆ ತಿರುವಿ, ಅವನ ಕೈಯಿಂದ ಬ್ಯಾಗು ತೆಗೆದುಕೊಂಡರು.

ಭಾನುವಾರದ ರಾಹುಕಾಲ ಸಂಜೆ ನಾಲ್ಕೂವರೆಯಿಂದ ಆರು.