ಥಾರನ ನೆಂಟರು, ನಮ್ಮ ವರಸೆ

ನೆಂಟಸ್ತಿಕೆಯನ್ನು ಯಾರಾದರೂ ತಪ್ಪಾಗಿ ಹೇಳಿದರೆ ಸುಮ್ಮನಿರಲು ನನ್ನಿಂದ ಆಗುವುದಿಲ್ಲ. ಉತ್ತರ ಯುರೋಪಿನ ಹಳೆಯ ನಾರ್ಸ್ ಕಥೆಗಳಲ್ಲಿ ಥಾರ್ ಗುಡುಗಿನ ದೇವರು, ಅವನ ತಂದೆ ಓಡಿನ್. ಸಿನಿಮಾ ನೋಡಿಬಂದವರು ಲೋಕಿಯನ್ನು ಥಾರನ ತಮ್ಮ ಎನ್ನುತ್ತಾರೆ. ಆದರೆ ಲೋಕಿ ಓಡಿನ್ನನೊಡನೆ ರಕ್ತ ಬೆರೆಸಿ ಅಣ್ಣತಮ್ಮಂದಿರಾಗುವ ಆಣೆ ಮಾಡಿದವನು. ಲೆಕ್ಕಕ್ಕೆ ಥಾರನಿಗೆ ಚಿಕ್ಕಪ್ಪ. ದಿನವೂ ಡೈರಿ ಬರೆಯುವ ನಾನು ಇಂಥದ್ದನ್ನೆಲ್ಲ ತಾರೀಖು ಹಾಕಿ ಗುರುತು ಮಾಡಿಕೊಳ್ಳುತ್ತೇನೆ. ಅದರಲ್ಲೂ ಕಥೆಯ ಮೂಲೆಯಲ್ಲಿ ನಿಂತವರೇ ನನಗೆ ಇಷ್ಟ. ಥಾರನ ಹೆಂಡತಿ ಸಿಫ್‌ಗೆ ಮದುವೆಗೆ ಮೊದಲೇ ಉಲ್ ಎಂಬ ಮಗನಿದ್ದ. ಅವನ ಅಪ್ಪ ಯಾರೆಂದು ಎಲ್ಲೂ ಹೇಳಿಲ್ಲ ಎಂಬ ಚಿಂತೆಯಲ್ಲಿ ನಾನು ಬಸ್ಸಿನಲ್ಲಿ ಇಳಿಯಬೇಕಾದ ವಿಜಯನಗರದ ಸ್ಟಾಪ್ ದಾಟಿ ಹೋದದ್ದೂ ಉಂಟು.

ಕಳೆದ ಕಾರ್ತಿಕದಲ್ಲಿ ಅಮ್ಮನೊಡನೆ ಬಸವೇಶ್ವರನಗರಕ್ಕೆ ಹೆಣ್ಣು ನೋಡಲು ಹೋಗಿದ್ದೆ. ಹುಡುಗಿ ಚೈತ್ರಾ ಈ ಕಥೆಗಳನ್ನೆಲ್ಲ ಓದಿದ್ದಳು. ಕಾಫಿ ಮುಗಿಯುವ ಮೊದಲೇ, ಮದುವೆಯಾದರೆ ಇವಳನ್ನೇ ಆಗಬೇಕು ಎಂದು ತೀರ್ಮಾನಿಸಿದೆ. ದೇವರುಗಳ ಕಾವಲುಗಾರ ಹೈಮ್ಡಾಲನಿಗೆ ಒಂಬತ್ತು ತಾಯಂದಿರು ಎಂದು ನಾನು ಹೇಳಿದಾಗ ಅವಳ ಅಜ್ಜಿ, ಅಂದರೆ ತಾಯಿಯ ತಾಯಿ, ಗಾಬರಿಯಾದರು. "ಅಯ್ಯೋ, ಮದುವೇಲಿ ಅಷ್ಟೂ ಬೀಗಿತೀರಿಗೆ ಸೀರೆ ಕೊಡ್ಬೇಕಲ್ಲಪ್ಪ!"

ನಗು ನಿಂತ ಮೇಲೆ ವರಸೆಯ ಮಾತು ಬಂತು. ನಮ್ಮಲ್ಲಿ ಹುಡುಗಿ ಅತ್ತೆ ಮಗಳ ವರಸೆಯಾದರೆ ಮದುವೆ. ಚಿಕ್ಕಮ್ಮನ ಮಗಳ ವರಸೆಯಾದರೆ ತಂಗಿ. ಅಜ್ಜಿ ನಿಧಾನವಾಗಿ ಹೆಣೆದರು: "ನಿನ್ನ ಸೋದರಮಾವನ ಹೆಂಡ್ತಿ ಕಡೆಯಿಂದ ಬಳಸ್ಕೊಂಡು ಬಂದ್ರೆ, ಇವ್ಳು ನಿಂಗೆ ಅತ್ತೆ ಮಗ್ಳೇ ಆಗ್ತಾಳೆ ಕಣಪ್ಪ."

ಅಮ್ಮ ತಲೆಯಾಡಿಸಿದಳು. ನಾನು ಬಾಯಿ ತೆರೆದೆ.

"ಅಷ್ಟು ಸುತ್ತು ಯಾಕಜ್ಜಿ? ನಿಮ್ಮ ತಾಯೀನೂ ನಮ್ಮಮ್ಮನ ತಾಯಿಯ ತಾಯೀನೂ ಅಕ್ಕತಂಗೀರಲ್ವಾ?"

ಅಮ್ಮ ತೊಡೆ ಚಿವುಟಿದಳು. ಹೊತ್ತು ಮೀರಿತ್ತು. ಮುತ್ತಜ್ಜಿಯರ ಕಾಲದ ಆ ಹತ್ತಿರದ ದಾರಿಯನ್ನು ಹಿರಿಯರೆಲ್ಲ ಬಲ್ಲರು. ಬಲ್ಲವರಾದ್ದರಿಂದಲೇ ಅದನ್ನು ಬಿಟ್ಟು ಸುತ್ತು ಹಾಕುತ್ತಿದ್ದರು. ಅಕ್ಕತಂಗಿಯರ ಮಕ್ಕಳು ಅಕ್ಕತಂಗಿಯರು, ಅವರ ಮಕ್ಕಳೂ ಹಾಗೆಯೇ; ಆ ಲೆಕ್ಕದಲ್ಲಿ ಚೈತ್ರಾ ನನಗೆ ತಂಗಿ. ಬಾಯಿಬಿಟ್ಟು ಹೇಳಿದ ಮೇಲೆ ಕೇಳಿಸಲಿಲ್ಲ ಎನ್ನುವಂತಿಲ್ಲ.

ಗೇಟಿನ ಬಳಿ ಚೈತ್ರಾ ಮೆಲ್ಲಗೆ ಹೇಳಿದಳು: "ಒಂದ್ನಿಮಿಷ ಸುಮ್ನಿದ್ರೆ ಏನ್ ಹೋಗ್ತಿತ್ತು ನಿಮ್ಗೆ? ಇನ್ಮೇಲೆ ಅಣ್ಣ ಅನ್ಬೇಕು."

ಬರುವ ತಿಂಗಳು ಅವಳ ಮದುವೆ. ಮದುಮಗನ ಕಾಲು ತೊಳೆಯುವ ಶಾಸ್ತ್ರಕ್ಕೆ ಹುಡುಗಿಯ ಅಣ್ಣತಮ್ಮ ಬೇಕು, ಅವಳಿಗೆ ಒಡಹುಟ್ಟಿದವರಿಲ್ಲ. ಅಜ್ಜಿಯೇ ಫೋನ್ ಮಾಡಿದ್ದರು. "ವರಸೇಲಿ ನೀನೇ ಹತ್ರ ಕಣಪ್ಪ, ಹಿಂದಿನ ದಿನಾನೇ ಬಂದ್ಬಿಡು."

ಬರುತ್ತೇನೆ ಎಂದೆ. ಅವರ ಲೆಕ್ಕ ಸರಿಯಾಗಿತ್ತು.